ಬೈಗುಳದ ಮರುದಿನ

ಕುಂಡೆ ಹಬ್ಬದ ದಿನ ಜೇನುಕುರುಬರಾದ ನಾವು ಯಾರನ್ನು ಬೇಕಾದರೂ ಬೈಯಬಹುದು. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಕಾಣಿಕೆ ಕೊಟ್ಟು ಕಳಿಸಬೇಕು. ಈ ಸಲವೂ ನಾವು ಗಂಡಸರು ಸೀರೆ ಉಟ್ಟು, ಖಾಲಿ ಡಬ್ಬ ಬಡಿಯುತ್ತ ತೋಟದ ಮಾಲೀಕರ ಅಂಗಳಕ್ಕೆ ಹೋದೆವು. ಮನೆ ತುಂಬ ನೆಂಟರು, ಎಲ್ಲರ ಕೈಯಲ್ಲೂ ಮೊಬೈಲು.

ಹಾಡಿನ ನಡುವೆ ನಾನು ಕೂಗಿದೆ: "ನಮ್ಮ ಹಿರೀಕರನ್ನ ಹೂತ ಜಾಗಕ್ಕೆ ಬೇಲಿ ಹಾಕಿ ಕಾಫಿ ನೆಟ್ಟಿದ್ದೀಯಲ್ಲೋ, ಹೆಣ ತಿನ್ನೋನೇ!"

ಮಾಲೀಕರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಇನ್ನೊಂದ್ಸಲ ಬೈಯೋ, ವಿಡಿಯೋ ಸರಿ ಬರ್ಲಿಲ್ಲ" ಎಂದರು. ಬೈದೆ. ಎರಡನೇ ಸಲ ಅದು ನನಗೇ ನಾಟಕದ ಮಾತಿನಂತೆ ಕೇಳಿಸಿ ಮೈಯೆಲ್ಲ ಉರಿಯಿತು. ಕಾಣಿಕೆ ಕೊಡುತ್ತ ಅವರು ನೆಂಟರಿಗೆ, "ಇವ್ರ ಸಂಸ್ಕೃತಿ ಉಳೀಬೇಕು ನೋಡಿ" ಎಂದರು.

ಮರುದಿನ ಬೆಳಿಗ್ಗೆ ಪ್ಯಾಂಟು ಶರ್ಟು ಹಾಕಿಕೊಂಡು ಅದೇ ಅಂಗಳದಲ್ಲಿ ಕೈಕಟ್ಟಿ ನಿಂತೆ. "ಸಾವ್ಕಾರ್ರೇ, ಹಿರೀಕರ ಜಾಗದ ಆ ಬೇಲಿ ಸ್ವಲ್ಪ ತೆಗೆಸಿಕೊಡಿ" ಎಂದೆ. ಒಂದು ಕೆಟ್ಟ ಮಾತೂ ಆಡಲಿಲ್ಲ.

ಅವರ ಮುಖ ಕೆಂಪಾಯಿತು.

"ಹಬ್ಬ ನಿನ್ನೇನೇ ಮುಗೀತು. ನಾಲಿಗೆ ಬಿಗಿ ಹಿಡ್ದು ಮಾತಾಡು."