ಒರೆಸದೆ ಬಿಟ್ಟ ಗಾಜು

ಚನ್ನಬಸಯ್ಯನವರಿಗೆ ಸಂಶಯ ಬರಲು ಕಾರಣವೇ ಬೇಕಿರಲಿಲ್ಲ. ಲೋಕಲ್ ಟ್ರೇನು ಸರಿಯಾದ ಟೈಮಿಗೆ ಬಂದರೆ ಸಂಶಯ, ತಡವಾಗಿ ಬಂದರೆ ಗೊತ್ತಿದ್ದದ್ದೇ ಎಂಬ ಸಮಾಧಾನ. ತರಕಾರಿಯವನು ಕೇಳದೆ ಒಂದು ಕಟ್ಟು ಕೊತ್ತಂಬರಿ ಪುಕ್ಕಟೆ ಹಾಕಿದನೋ, ಅಲ್ಲೇ ಚೀಲ ಸುರುವಿ ಟೊಮ್ಯಾಟೊ ಒಂದೊಂದಾಗಿ ಒತ್ತಿ ನೋಡುವ ಮನುಷ್ಯ. ಮುಂಬಯಿಯ ಘಾಟ್ಕೋಪರಿನ ಚಾಳಿನಲ್ಲಿ ಅವರ ಹೆಂಡತಿ ನಾಗವ್ವ, "ಲಗ್ನದ ದಿನ ಅಕ್ಕಿಕಾಳು ತಲಿ ಮ್ಯಾಲೆ ಬಿದ್ರ ಇವ್ರು ಅದರಾಗ ಕಲ್ಲ ಅದಾವೇನಂತ ನೋಡಾಕ ಹತ್ತಿದ್ರು" ಎಂದು ಅಕ್ಕಪಕ್ಕದವರನ್ನು ನಗಿಸುತ್ತಿದ್ದಳು.

ಇಂಥವರ ಕೈಗೆ ಒಂದು ದಿನ ಆ ಕೋಲು ಬಂತು!

ಪರೇಲಿನಲ್ಲಿ ಹಳೇ ಮಿಲ್ಲಿನ ಜಾಗದಲ್ಲಿ ಎದ್ದ ನಾಲ್ಕು ಮಾಳಿಗೆಯ ಆಫೀಸ್ ಬಿಲ್ಡಿಂಗು. ಮೈತುಂಬ ಗಾಜು. ಅಷ್ಟೂ ಗಾಜನ್ನು ಏಣಿ ಹಾಕಿ, ಹಗ್ಗ ಕಟ್ಟಿ, ಸೋಪುನೀರು ಬಳಿದು, ರಬ್ಬರ್ ಪಟ್ಟಿಯಿಂದ ಎಳೆದು ಬೆಳಗುತ್ತಿದ್ದವರು ಚನ್ನಬಸಯ್ಯ. ಈಗ ಬಂದದ್ದು ಒಂದರೊಳಗೊಂದು ಸೇರಿ ಉದ್ದವಾಗುವ ಹಗುರ ಕೋಲು. ತುದಿಯಲ್ಲಿ ಬ್ರಶ್ಶು, ಬ್ರಶ್ಶಿನಿಂದ ಚಿಮ್ಮುವ ನೀರು, ಬುಡದಲ್ಲಿ ನೀರು ಸೋಸುವ ಹಳದಿ ಗಾಡಿ. ನೆಲದ ಮೇಲೆ ನಿಂತೇ ನಾಲ್ಕನೇ ಮಾಳಿಗೆಯ ಗಾಜು ಉಜ್ಜಬಹುದು. ನಲ್ಲಿನೀರಿನ ಉಪ್ಪೆಲ್ಲ ಗಾಡಿಯಲ್ಲೇ ಉಳಿದುಬಿಡುವುದರಿಂದ ಗಾಜು ತಾನಾಗಿ ಒಣಗುತ್ತದೆ, ಕಲೆ ಬೀಳುವುದಿಲ್ಲ, ಒರೆಸುವುದೇ ಬೇಡ. ಒರೆಸಲೇಬಾರದು.

"ಒರಸಬಾರದಾ?" ಎಂದು ಕೇಳಿದರು ಚನ್ನಬಸಯ್ಯ.

"ಒರೆಸ್ಬೇಡಿ ಮಾರಾಯ್ರೆ. ನೀರು ಹಾಕಿ, ಬಿಟ್ಟು ಬನ್ನಿ. ಅಷ್ಟೇ" ಎಂದರು ಬಿಲ್ಡಿಂಗ್ ಮ್ಯಾನೇಜರ್ ಪೂವಪ್ಪ. ಉಡುಪಿ ಕಡೆಯವರು, ಯಾವ ಮಾತನ್ನೂ ಎರಡು ಸಲ ಹೇಳುವುದಕ್ಕೆ ಇಷ್ಟವಿಲ್ಲದವರು.

ಚನ್ನಬಸಯ್ಯ ಆ ಸೋಸಿದ ನೀರನ್ನು ಅಂಗೈಯಲ್ಲಿ ಹಿಡಿದು ನಾಲಿಗೆಗೆ ಹಚ್ಚಿಕೊಂಡರು. ಸಪ್ಪೆ. ಮಳೆಯದ್ದೂ ಅಲ್ಲ, ಬಾವಿಯದ್ದೂ ಅಲ್ಲ, ಮುನಸಿಪಾಲ್ಟಿಯದ್ದಂತೂ ಅಲ್ಲವೇ ಅಲ್ಲ.

"ರುಚಿನ ಇಲ್ಲದ ನೀರು ಎಂಥಾ ನೀರ್ರೀ ಇದು? ಇದರಾಗ ಏನೋ ಐತಿ."

"ಏನೂ ಇಲ್ಲ, ಅದಕ್ಕೇ ಚೆನ್ನಾಗಿರೋದು" ಎಂದು ಪೂವಪ್ಪ ಲಿಫ್ಟ್ ಹತ್ತಿದರು.

ಚನ್ನಬಸಯ್ಯನವರಿಗೆ ಗಾಜು ಬರೀ ಹೊಟ್ಟೆಪಾಡಾಗಿರಲಿಲ್ಲ. ವಿಜಯಪುರದ ಕಡೆಯಿಂದ ಮೀಸೆ ಮೂಡುವ ಮುಂಚೆ ಬಂದವರು, ವಿಲೆ ಪಾರ್ಲೆಯ ಒಂದು ಉಡುಪಿ ಹೋಟೆಲಿನಲ್ಲಿ ಮಿಠಾಯಿ ಕಪಾಟಿನ, ಬಾಗಿಲಿನ ಗಾಜು ಒರೆಸುವ ಕೆಲಸಕ್ಕೆ ನಿಂತಿದ್ದರು. ಮಾಲೀಕರ ಹೆಂಡತಿ ಶೀಲಾವತಮ್ಮ ದಿನಾ ಹೇಳುತ್ತಿದ್ದರಂತೆ, "ಗಾಜು ಉಂಟು ಅಂತ್ಲೇ ಗೊತ್ತಾಗ್ಬಾರ್ದು ಮಗಾ." ಒಂದು ಬೆಳಿಗ್ಗೆ ಸಫಾರಿ ತೊಟ್ಟ ಗಿರಾಕಿಯೊಬ್ಬರು ಬಾಗಿಲೇ ಇಲ್ಲವೆಂದುಕೊಂಡು ನೇರ ನಡೆದು ಬಂದು ಹಣೆ ಬಡಿಸಿಕೊಂಡರು. ಹೋಟೆಲೆಲ್ಲ ಐಸು ಹುಡುಕುತ್ತಿದ್ದರೆ ಚನ್ನಬಸಯ್ಯನಿಗೆ ಒಳಗೊಳಗೇ ಜಾತ್ರೆ. ಆ ಕತೆಯನ್ನು ಅವರು ಇವತ್ತಿಗೂ ಹೇಳುತ್ತಾರೆ, ಗಿರಾಕಿಯ ಬುಗುಟು ಮಾತ್ರ ವರ್ಷವರ್ಷಕ್ಕೂ ದೊಡ್ಡದಾಗುತ್ತಿದೆ.

ಅವತ್ತಿನಿಂದ ಅವರದೊಂದು ಕಟ್ಟಳೆ. ಎಷ್ಟೇ ದೊಡ್ಡ ಗಾಜಿರಲಿ, ಕೊನೆಗೆ ಒಂದು ಒರೆ. ಹಳೇ ಧೋತರದ ತುಂಡನ್ನು ಒಗೆದು, ಮೂರು ಬೆರಳಿಗೆ ಸುತ್ತಿ, ಎಡದಿಂದ ಬಲಕ್ಕೆ ಎಳೆಯುವುದು. ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಎಳೆದುಕೊಳ್ಳುವುದೂ ಅದೇ ಮೂರು ಬೆರಳಿನಿಂದ, ಅದೇ ಎಡದಿಂದ ಬಲಕ್ಕೆ. ಆ ಒರೆ ಬಿದ್ದ ಮೇಲೆಯೇ ಕೆಲಸ ಮುಗಿದಂತೆ. ಹಸಿ ಗಾಜನ್ನು ಬಿಟ್ಟು ಹೋಗುವುದೆಂದರೆ ಉಂಡ ಕೈ ತೊಳೆಯದೆ ತಾಟಿನಿಂದ ಎದ್ದ ಹಾಗೆ.

ಹಾಗಾಗಿ ಅವರು ಕದ್ದು ಒರೆಸತೊಡಗಿದರು. ಮೇಲಿನ ಮಾಳಿಗೆಗಳಿಗೆ ಕೈ ಎಟುಕುವಂತಿರಲಿಲ್ಲ, ಏಣಿಯನ್ನು ಪೂವಪ್ಪ ಗೋದಾಮಿಗೆ ಹಾಕಿಸಿಬಿಟ್ಟಿದ್ದರು. ಕೆಳಗಿನ ಸಾಲಾದರೂ ಇದೆಯಲ್ಲ! ಬೆಳಿಗ್ಗೆ ಕೋಲು ಹಿಡಿದು ಪಶ್ಚಿಮದ ಗೋಡೆಯೆಲ್ಲ ತೊಳೆದು, ಯಾರೂ ಇಲ್ಲದ್ದು ನೋಡಿ, ಸೊಂಟದಿಂದ ಅರಿವೆ ತೆಗೆದು, ಕೆಳಸಾಲಿನ ಅಷ್ಟೂ ಗಾಜಿಗೆ ಒಂದೊಂದು ಒರೆ. ನೆರಳಿನಲ್ಲಿ ಗಾಜು ಹೊಳೆಯುತ್ತಿತ್ತು. ಮನಸ್ಸಿಗೆ ತಂಪಾಗುತ್ತಿತ್ತು.

ಮಧ್ಯಾಹ್ನ ಪಶ್ಚಿಮಕ್ಕೆ ಬಿಸಿಲು ತಿರುಗಿದಾಗ ಪೂವಪ್ಪ ಕರೆಸಿದರು.

"ಎಂತ ಇದು? ಮೇಲೆ ಮೂರು ಮಾಳಿಗೆ ಕನ್ನಡಿ ಹಾಗುಂಟು, ಕೆಳಗೆ ನೋಡಿ!"

ಕೆಳಸಾಲಿನ ಗಾಜಿನ ತುಂಬ ಮಬ್ಬು ಮಬ್ಬು ಗೀರುಗಳು. ಚನ್ನಬಸಯ್ಯ ಕಣ್ಣುಜ್ಜಿಕೊಂಡರು. ಬೆಳಿಗ್ಗೆ ಇರಲಿಲ್ಲವಲ್ಲ!

ಮರುದಿನವೂ ಹಾಗೇ. ಅದರ ಮರುದಿನವೂ. ಪೂವಪ್ಪ ಕೊನೆಯ ಮಾತು ಹೇಳಿಬಿಟ್ಟರು. ಶನಿವಾರ ಕಂಪನಿಯ ದೊಡ್ಡವರು ಬರುತ್ತಾರೆ. ಅವತ್ತೂ ಗೀರು ಕಂಡರೆ ಚನ್ನಬಸಯ್ಯನವರಿಗೆ ಗಾಜಿನ ಕೆಲಸ ಬಂದ್, ಬೇಸ್ಮೆಂಟಿನ ಪಾರ್ಕಿಂಗ್ ಗುಡಿಸುವುದು. ಬೇಸ್ಮೆಂಟಿನಲ್ಲಿ ಹೆಸರಿಗೂ ಒಂದು ಕಿಟಕಿಯಿಲ್ಲ.

ಅವರಿಗೆ ವಿಷಯ ಸ್ಪಷ್ಟವಾಗಿತ್ತು. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಯಾರೋ ಬಂದು ಗಾಜು ಕೆಡಿಸುತ್ತಿದ್ದಾರೆ. ಅದೂ ಎಲ್ಲಿ? ತಾನು ಒರೆಸಿದ್ದನ್ನೇ ಹುಡುಕಿ ಹುಡುಕಿ! ಯಾರು ಎನ್ನುವುದಕ್ಕೂ ಬಹಳ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಪೂರ್ವದ ಗೋಡೆ ತೊಳೆಯುವ ಸ್ನೇಹಲ್. ಅವಳ ಅಪ್ಪ ಬೆಳಗಾವಿಯವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. ಕನ್ನಡ ಅರ್ಧ, ಮರಾಠಿ ಅರ್ಧ, ಕಿವಿಯಲ್ಲಿ ಸದಾ ಇಯರ್‌ಫೋನು. ಕೋಲಿನ ಟ್ರೇನಿಂಗನ್ನು ಮೊದಲು ಪಡೆದವಳೂ ಅವಳೇ. ಏಣಿಯ ಕಾಲದಲ್ಲಿ ಅವಳನ್ನು ಯಾರು ಗಾಜಿಗೆ ಹತ್ತಿಸುತ್ತಿದ್ದರು? ಈಗ ಎರಡೂ ಗೋಡೆ ತನಗೇ ಬೇಕೆಂದು ಆಸೆ ಹುಟ್ಟಿದೆ.

"ಆ ಹುಡುಗಿ ನನ್ನ ನೋಡಿ ನಗತಾಳ" ಎಂದರು ಮನೆಯಲ್ಲಿ, ರೊಟ್ಟಿ ಮುರಿಯುತ್ತ.

"ನಿಮ್ಮ ಮಾರಿ ನೋಡಿದ್ರ ನನಗೂ ನಗು ಬರತೈತಿ" ಎಂದಳು ನಾಗವ್ವ. "ಬಾಯಿಬಿಟ್ಟು ಕೇಳ್ರಿ ಆಕೀನ."

"ಕೇಳಿದ್ರ ಹೂಂ ಅಂತಾಳೇನು? ಹಿಡೀಬೇಕು. ಕೈ ಸಮೇತ."

ಶುಕ್ರವಾರ ಚನ್ನಬಸಯ್ಯ ಎಂದಿನಂತೆ ತೊಳೆದರು, ಎಂದಿಗಿಂತ ಹೆಚ್ಚು ಶ್ರದ್ಧೆಯಿಂದ ಒರೆಸಿದರು. ಊಟದ ಡಬ್ಬಿ ಹಿಡಿದು ಎಲ್ಲರಿಗೂ ಕಾಣುವ ಹಾಗೆ ಹಿಂದಿನ ಗೇಟಿಗೆ ನಡೆದು, ಬಿಲ್ಡಿಂಗು ಸುತ್ತಿ ಬಂದು, ಎದುರಿನ ವಡಾಪಾವ್ ಗಾಡಿಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಗಾಡಿಯ ಕಿಶೋರ, "ಕ್ಯಾ ಕಾಕಾ, ಸಾಲ ಕೇಳಾಕ ಉಧಾರಿವಾಲಾ ಬಂದಾನೇನು?" ಎಂದು ಕೇಳಿದ. ಚನ್ನಬಸಯ್ಯ ತುಟಿಯ ಮೇಲೆ ಬೆರಳಿಟ್ಟರು. ಕಾಲು ಜೋಮು ಹಿಡಿಯಿತು. ಬಿಸಿಲು ರಸ್ತೆ ದಾಟಿತು.

ಬಂದಳು! ಸ್ನೇಹಲ್ ಅತ್ತಿತ್ತ ನೋಡಿ, ಹಳದಿ ಗಾಡಿ ಎಳೆದುಕೊಂಡು, ನೇರ ಅವರ ಕೆಳಸಾಲಿಗೇ ಬಂದಳು. ಕೋಲನ್ನು ಗಿಡ್ಡ ಮಾಡಿ ಬ್ರಶ್ಶು ಎತ್ತಿದಳು.

"ಸಿಕ್ಕಿ ನೋಡು!" ಚನ್ನಬಸಯ್ಯ ಜೋಮು ಹಿಡಿದ ಕಾಲಿನಲ್ಲಿ ಕುಂಟುತ್ತ ರಸ್ತೆ ದಾಟಿದರು. ಟ್ಯಾಕ್ಸಿಗಳು ಹಾರ್ನ್ ಹಾಕಿ ಬೈದವು. "ದಿನಾ ನನ್ನ ಗಾಜು ಕೆಡಸೂದು ನಿನ್ನ ಕೆಲಸ ಏನವ್ವಾ?"

ಸ್ನೇಹಲ್ ಇಯರ್‌ಫೋನು ಕಿತ್ತಳು. "ಕಾಯ್? ಕೆಡಸೂದಾ? ಕಾಕಾ, ನಾ ತೊಳೀತಾ ಇದೀನಿ! ಪೂವಪ್ಪ ಸರ್ ಕಾ ರೌಂಡ್ ಐತಿ ಅಲಾ ಈಗ. ದಿನಾ ಅವರು ಬಂದು ಗೀರು ನೋಡಿದ ಮೇಲೆ ನಂಗೆ ಗೊತ್ತಾಗ್ತಿತ್ತು. ಆಜ್ ಫರ್ಸ್ಟ್ ಟೈಮ್ ಮೊದಲೇ ಬಂದೆ."

"ನನ್ನ ಮ್ಯಾಲೆ ನಿನಗ ಯಾಕ ಇಷ್ಟು ಪ್ರೀತಿ?"

"ಅರೇ! ನೀವು ಬೇಸ್ಮೆಂಟ್ ಹೋದ್ರೆ ಎರಡೂ ಸೈಡ್ ನನ್ನ ಗಳ್ಯಾತ್, ನನ್ನ ಕೊರಳಿಗೇ! ಪಗಾರ್ ವಹೀ, ಕೆಲಸ ಡಬಲ್. ನಂಗೆ ಬೇಕಾ ಅದು?"

ಈ ಉತ್ತರ ಚನ್ನಬಸಯ್ಯನವರನ್ನು ಸ್ವಲ್ಪ ತಡೆಯಿತು. ಪ್ರೀತಿಯೆಂದಿದ್ದರೆ ಅವರು ನಂಬುತ್ತಿರಲಿಲ್ಲ. ಸ್ವಾರ್ಥವೆಂದರೆ ನಂಬಬಹುದು.

"ಹಂಗಾರ ಗೀರು ಯಾರು ಹಾಕ್ಯಾರ?"

ಸ್ನೇಹಲ್ ಇನ್ನೂ ತೊಳೆಯದ ಗಾಜೊಂದರ ಮುಂದೆ ಅವರನ್ನು ಓರೆಯಾಗಿ ನಿಲ್ಲಿಸಿದಳು. ಬಿಸಿಲು ಗಾಜಿನ ಮೇಲೆ ಜಾರುತ್ತಿತ್ತು. ಅಲ್ಲಿ ಮೂರು ಗೀರು, ಒಂದರ ಕೆಳಗೊಂದು, ಎಡದಿಂದ ಬಲಕ್ಕೆ. ಅದರ ಕೆಳಗೆ ಮತ್ತೆ ಮೂರು. ಮತ್ತೆ ಮೂರು. ನಡುವೆ ಗಾಜಿನಲ್ಲಿ ಅವರದೇ ಮುಖ, ಹಣೆಯ ಮೇಲೆ ಮೂರು ಬಿಳಿ ಗೆರೆ.

"ಅಖ್ಖಾ, ಇಡೀ ಬಿಲ್ಡಿಂಗ್‌ನಲ್ಲಿ ಇದು ಯಾರ ಡಿಸೈನ್, ಕಾಕಾ?" ಎಂದಳು ಮೆತ್ತಗೆ.

ಚನ್ನಬಸಯ್ಯ ಗೀರಿನ ಮೇಲೆ ಮೂರು ಬೆರಳಿಟ್ಟು ಅಳೆದರು. ಕೈ ತಾನಾಗಿ ಹಣೆಗೆ ಹೋಗಿ ಅರ್ಧದಲ್ಲೇ ಇಳಿಯಿತು.

"ಅರಿವಿ ಒಗದದ್ದು ಐತಿ" ಎಂದರು.

"ಒಗದದ್ದೇ. ಆದ್ರೂ ಸೋಪು, ಬೆವರು, ನಿಮ್ಮ ಬೆರಳಿನ ಆ ಪೌಡರ್…"

"ಪೌಡರ್ ಅಲ್ಲ, ವಿಭೂತಿ."

"ಹಾಂ, ವಿಭೂತಿ. ನೆರಳಲ್ಲಿ ಕಾಣ್ಸಲ್ಲ. ಬಿಸಿಲು ಬಂದ್ರೆ ಎಲ್ಲಾ ಹೇಳ್ಬಿಡತ್ತೆ."

ಚನ್ನಬಸಯ್ಯ ಅಷ್ಟಕ್ಕೇ ಒಪ್ಪುವವರಲ್ಲ. ಅಕ್ಕಪಕ್ಕದ ಎರಡು ಗಾಜನ್ನು ಅವಳಿಂದ ತೊಳೆಸಿದರು. ಒಂದನ್ನು ಒರೆಸಿದರು, ಇನ್ನೊಂದನ್ನು ಹಾಗೇ ಬಿಟ್ಟರು. ಅವಳು ಹತ್ತಿರ ಹೋಗಿ ಏನೂ ಮಾಡದಂತೆ ತಮ್ಮ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂರಿಸಿಕೊಂಡರು. ಬಿಟ್ಟ ಗಾಜಿನ ಮೇಲೆ ಹನಿಗಳು ನಿಧಾನ ಸಣ್ಣದಾಗಿ, ಚುಕ್ಕಿಯಾಗಿ, ಇಲ್ಲವಾದವು. ಅಲ್ಲಿ ಗಾಜಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ಶೀಲಾವತಮ್ಮ ಇದ್ದಿದ್ದರೆ ಏನೆನ್ನುತ್ತಿದ್ದರೋ. ಒರೆಸಿದ ಗಾಜು ಮಾತ್ರ ವಿಭೂತಿ ಹಚ್ಚಿಕೊಂಡು ಕೂತಿತ್ತು.

"ಪೂವಪ್ಪಗ ಹೇಳೀಯೇನು?"

"ಹೇಳೋದಿದ್ರೆ ಮೊದಲೇ ಹೇಳ್ತಿದ್ದೆ ಅಲಾ."

ಶನಿವಾರ ದೊಡ್ಡವರ ಕಾರು ಬರುವ ಸ್ವಲ್ಪ ಮುಂಚೆ ಪಶ್ಚಿಮದ ಗೋಡೆ ತೊಳೆದಾಗಿತ್ತು. ಕೆಳಸಾಲಿನಲ್ಲಿ ಇನ್ನೂ ನೀರು ಇಳಿಯುತ್ತಿತ್ತು. ಪೂವಪ್ಪ ಓಡಿ ಬಂದರು, ಹನಿ ನೋಡಿದರು, ಎದೆ ಹಿಡಿದುಕೊಂಡರು.

"ಅಯ್ಯೋ, ಹಸಿ ಉಂಟಲ್ಲ ಮಾರಾಯ್ರೆ! ಒರೆಸಿ, ಬೇಗ ಒರೆಸಿ!"

"ಒರಸಬ್ಯಾಡ ಅಂದವ್ರು ನೀವ ಅಲ್ರಿ?"

"ಅದು ಬೇರೆ ದಿನಕ್ಕೆ! ಇವತ್ತು ಒರೆಸಿ!" ಪೂವಪ್ಪ ತಮ್ಮದೇ ಕರ್ಚೀಫು ತೆಗೆದು ಗಾಜಿಗೆ ಚಾಚಿದರು. ಚನ್ನಬಸಯ್ಯ ಆ ಕೈಯನ್ನು ಹಿಡಿದೇಬಿಟ್ಟರು.

"ಮುಟ್ಟಬ್ಯಾಡ್ರಿ. ಗೀರು ಬಿದ್ರ ನಾನ ಬೇಸ್ಮೆಂಟಿಗೆ ಇಳೀತೀನಿ, ನೀವು ದೂಡೂದು ಬ್ಯಾಡ."

ಗೇಟಿನಲ್ಲಿ ಹಾರ್ನ್ ಆಯಿತು. ಕಾರಿನ ಬಾಗಿಲು ತೆರೆಯಿತು. ದೊಡ್ಡವರು ಫೋನಿನಲ್ಲಿ ಮಾತಾಡುತ್ತ ಇಳಿದು, ಮಾತಾಡುತ್ತಲೇ ನಿಂತರು. ಅಷ್ಟು ಹೊತ್ತೂ ಚನ್ನಬಸಯ್ಯ ಒಂದೇ ಒಂದು ಹನಿಯನ್ನು ನೋಡುತ್ತಿದ್ದರು. ಹನಿ ಸಣ್ಣದಾಯಿತು. ಹೋಯಿತು. ದೊಡ್ಡವರು ಫೋನು ಇಳಿಸಿ, ಗಾಜಿನತ್ತ ತಿರುಗಿ, ಕೂದಲು ತೀಡಿಕೊಂಡು ಒಳಗೆ ನಡೆದರು. ಗಾಜಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಪೂವಪ್ಪನವರ ಭುಜ ಇಳಿಯಿತು. ಬೇಸ್ಮೆಂಟಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಎಲ್ಲರೂ ಒಳಗೆ ಹೋದ ಮೇಲೆ ಚನ್ನಬಸಯ್ಯ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಉಸಿರಿಗೆ ಗಾಜು ಮಬ್ಬಾಯಿತು. ಕೈ ತಟ್ಟನೆ ಸೊಂಟಕ್ಕೆ ಹೋಯಿತು. ಅರಿವೆ ಇರಲಿಲ್ಲ.

"ನನ್ನ ಅರಿವಿ ಎಲ್ಲಿ?" ಎಂದು ತಿರುಗಿದರು. "ಯಾರು ತಗೊಂಡ್ರು?"

"ನೀವೇ ಬೆಳಿಗ್ಗೆ ನನ್ನ ಕೈಗೆ ಕೊಟ್ರಿ ಅಲಾ ಕಾಕಾ, ಒರೆಸದೆ ಕೈ ತಡೀಲಿಲ್ಲ ಅಂದ್ರೆ ಕಷ್ಟ ಅಂತ!" ಸ್ನೇಹಲ್ ಬ್ಯಾಗಿನಿಂದ ಮಡಿಸಿದ ಧೋತರದ ತುಂಡು ತೆಗೆದು ಕೊಟ್ಟಳು.

ಚನ್ನಬಸಯ್ಯ ಅದನ್ನು ಬಿಚ್ಚಿ, ಬಿಸಿಲಿಗೆ ಹಿಡಿದು, ಅಂಚಿನ ಕೆಂಪು ಎಳೆ ತಮ್ಮದೇ ಹೌದೋ ಅಲ್ಲವೋ ಎಂದು ಉಗುರಿನಲ್ಲಿ ಕೆರೆದು ನೋಡತೊಡಗಿದರು.