ಇಲ್ಲದ ನೀಲಿ ಫೈಲು

ನಿವೃತ್ತಿಗೆ ಹದಿನೈದು ದಿನ ಉಳಿದಿದ್ದಾಗ ಕಾಲೇಜಿನ ಕಚೇರಿಯವರು ಪ್ರೊಫೆಸರಮ್ಮನ ಕೈಗೆ ಒಂದು ಫಾರ್ಮು ಕೊಟ್ಟರು. ಹುಟ್ಟಿದ ದಿನ, ಪಾಠ ಮಾಡಿದ ವರ್ಷ, ಎಲ್ಲವೂ ಸಲೀಸಾಗಿ ತುಂಬಿದವು. ಕೊನೆಯಲ್ಲಿ ‘ನಿಮ್ಮ ಸಂಶೋಧನೆಯ ಪರಿಣಾಮ’ ಎಂದು ಬರೆದು ಮೂರು ಗೆರೆ ಬಿಟ್ಟಿದ್ದರು. ಅಲ್ಲಿಗೆ ಬಂದು ಪೆನ್ನು ನಿಂತುಬಿಟ್ಟಿತು. ಪಕ್ಕದ ಕೋಣೆಯ ಸಹೋದ್ಯೋಗಿ ಮೂರು ಗೆರೆ ಸಾಲದೆಂದು ಇನ್ನೊಂದು ಹಾಳೆಯನ್ನೇ ಅಂಟಿಸಿದ್ದ. ತನ್ನನ್ನು ಯಾರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದು ಅವನಿಗೆ ಬಾಯಿಪಾಠ. ಪ್ರೊಫೆಸರಮ್ಮನಿಗೂ ತನ್ನ ಸಂಶೋಧನೆಯಿಂದಾದ ಪರಿಣಾಮ ಒಂದು ಗೊತ್ತಿತ್ತು. ಅದನ್ನು ಬರೆಯಲು ನಾಚಿಕೆಯಾಗುತ್ತಿತ್ತು.

ಮೂವತ್ತೊಂದು ವರ್ಷದ ಹಿಂದಿನ ಮಾತು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಮೂರು ಕಿಟಕಿ, ಕಿಟಕಿಗಳ ಹಿಂದೆ ಮೂವರು ಹೆಂಗಸರು. ಕೆಲಸಕ್ಕಾಗಿ ಮುಖದ ಮೇಲೆ ತಂದುಕೊಳ್ಳುವ ನಗು, ನುಂಗಿಕೊಳ್ಳುವ ಸಿಟ್ಟು, ಇವನ್ನು ಯಾರೂ ದುಡಿಮೆ ಅನ್ನುವುದಿಲ್ಲವಲ್ಲ, ಏಕೆ ಎಂಬುದು ಪ್ರೊಫೆಸರಮ್ಮನ ಪ್ರಶ್ನೆ. ನಾಲ್ಕು ತಿಂಗಳು ಮೂಲೆಯ ಮರದ ಸ್ಟೂಲಿನ ಮೇಲೆ ಕೂತು, ಕಂಡದ್ದನ್ನೆಲ್ಲ ಬರೆದುಕೊಂಡರು. ಹೆಂಗಸರು ‘ಬರ್ಕೊಳ್ಳೋ ಅಕ್ಕ’ ಎಂದು ಹೆಸರಿಟ್ಟರು. ಊಟದ ಡಬ್ಬಿ ಬಿಚ್ಚುವಾಗ, “ನಮ್ ಪಲ್ಯಕ್ಕೆ ಉಪ್ಪು ಜಾಸ್ತಿ ಆಗಿದೆ, ಅದ್ನೂ ಬರ್ಕೋ ಅಕ್ಕ” ಎಂದು ರೇಗಿಸುತ್ತಿದ್ದರು. ಅಷ್ಟು ಅಕ್ಕರೆಯಿಂದ ಕಾಲೇಜಿನಲ್ಲಿ ಯಾರೂ ಅವರನ್ನು ರೇಗಿಸಲಿಲ್ಲ. ಆ ಸ್ಟೂಲು ನೆನಪಾದರೆ ಈಗಲೂ ಸೊಂಟಕ್ಕೆ ನೋವು, ಮನಸ್ಸಿಗೆ ಖುಷಿ.

ನಲ್ಲಿಯಲ್ಲಿ ನೀರು ಬಾರದಿದ್ದರೆ ಜನ ಕಿಟಕಿಗೆ ಬಂದು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂವರಲ್ಲಿ ಕಿರಿಯವಳು ಚಿಕ್ಕಿ. ಇಪ್ಪತ್ತು ತುಂಬಿತ್ತೋ ಇಲ್ಲವೋ. ಅವಳ ತುಟಿ ನಡುಗತೊಡಗಿದರೆ ಹಿರಿಯರಾದ ದೊಡ್ಡಕ್ಕ ತಲೆಯೆತ್ತದೆ ಹೇಳುತ್ತಿದ್ದರು: “ಚಿಕ್ಕಿ, ಒಳಗಿಂದ ಆ ನೀಲಿ ಫೈಲ್ ತಗೊಂಡ್ಬಾ.” ಅವಳು ಹಿಂದಿನ ರೆಕಾರ್ಡು ಕೋಣೆಗೆ ಹೋಗಿ, ಐದು ನಿಮಿಷ ಬಿಟ್ಟು ಮುಖ ತೊಳೆದುಕೊಂಡು ಬರಿಗೈಯಲ್ಲಿ ಬರುತ್ತಿದ್ದಳು.

“ಸಿಗ್ಲಿಲ್ಲ ಅಕ್ಕ.”

“ಹೋಗ್ಲಿ ಬಿಡು.”

ಆ ಕಚೇರಿಯಲ್ಲಿ ನೀಲಿ ಫೈಲು ಎಂಬುದೇ ಇರಲಿಲ್ಲ. ಇಷ್ಟು ತಿಳಿಯಲು ಓದಿದ ಪ್ರೊಫೆಸರಮ್ಮನಿಗೆ ಎರಡು ತಿಂಗಳು ಹಿಡಿಯಿತು. ತಿಳಿದಾಗ ಬರೆಯುವ ಕೈ ಹಿಂಜರಿಯಿತು.

“ಇದನ್ನ ಬರೀಲಾ ದೊಡ್ಡಕ್ಕ?”

“ಬರ್ಕೋಮ್ಮ. ಯಾರ್ ಓದ್ತಾರೆ?”

ಒಬ್ಬ ಓದಿದ. ಆ ಕಚೇರಿಯ ದೊಡ್ಡ ಸಾಹೇಬ. ಡಾಕ್ಟರೇಟು ಬಂದ ಸಂಭ್ರಮದಲ್ಲಿ ಪ್ರೊಫೆಸರಮ್ಮನೇ ಅವನಿಗೆ ತಮ್ಮ ಪ್ರಬಂಧದ ಒಂದು ಪ್ರತಿ ಕೊಟ್ಟುಬಂದಿದ್ದರು. ಪುಣ್ಯಾತ್ಮ ಮುನ್ನೂರು ಪುಟವನ್ನೂ ಬಿಡದೆ ಓದಿ, ‘ನೀಲಿ ಫೈಲಿನ ನೆಪದಲ್ಲಿ ಯಾರೂ ಸೀಟು ಬಿಡತಕ್ಕದ್ದಲ್ಲ’ ಎಂದು ಸುತ್ತೋಲೆ ಹೊರಡಿಸಿದ. ಸುದ್ದಿ ಕಿವಿಗೆ ಬಿದ್ದಂದಿನಿಂದ ಪ್ರೊಫೆಸರಮ್ಮ ಆ ಬೀದಿಗೆ ಕಾಲಿಡಲಿಲ್ಲ. ಮನೆಯ ನಲ್ಲಿ ಕೆಟ್ಟರೂ ಗಂಡನನ್ನೇ ಕಳಿಸುತ್ತಿದ್ದರು.

ಈಗ ಫಾರ್ಮು ವಾರದಿಂದ ಮೇಜಿನ ಮೇಲಿತ್ತು. ಆ ಹೆಂಗಸರು ತನ್ನನ್ನು ಕ್ಷಮಿಸಿದರೋ ಇಲ್ಲವೋ ಎಂದು ತಿಳಿಯದೆ ನಿವೃತ್ತಿಯಾಗುವುದು ಹೇಗೆ ಅನ್ನಿಸಿ, ಒಂದು ಬೆಳಿಗ್ಗೆ ಹೊರಟೇಬಿಟ್ಟರು. ಅದೇ ಮೂರು ಕಿಟಕಿ. ದೊಡ್ಡಕ್ಕನ ಕುರ್ಚಿಯಲ್ಲಿ ಕೂತಿದ್ದ ಕನ್ನಡಕದ ಹೆಂಗಸು ಇವರನ್ನೇ ದಿಟ್ಟಿಸಿದಳು.

“ಬರ್ಕೊಳ್ಳೋ ಅಕ್ಕ ಅಲ್ವಾ ನೀವು?”

ಚಿಕ್ಕಿ. ಒಳಗೆ ಕರೆದು ಕೂರಿಸಿದಳು. ದೊಡ್ಡಕ್ಕ ತೀರಿಕೊಂಡು ಆರು ವರ್ಷವಾಯಿತೆಂದಳು. ಕೇಳಬೇಕಾದವರೇ ಇಲ್ಲ.

“ಅವ್ರಿಗೆ ನನ್ ಮೇಲೆ ಸಿಟ್ಟಿತ್ತಾ?”

“ಇತ್ತು, ಒಂದು ವಾರ. ಆಮೇಲೆ ಎಲ್ಲಿ ಪುರುಸೊತ್ತು.”

ಅಷ್ಟರಲ್ಲಿ ಎರಡನೇ ಕಿಟಕಿಯಲ್ಲಿ ಯಾರೋ ಗಂಟಲು ಹರಿಯುವಂತೆ ಕೂಗಾಡತೊಡಗಿದರು. ಅಲ್ಲಿ ಕೂತಿದ್ದ ಹುಡುಗಿಯ ಮುಖ ಕೆಂಪಾಯಿತು. ಚಿಕ್ಕಿ ಆ ಕಡೆ ತಿರುಗದೆಯೇ ಹೇಳಿದಳು: “ನೋಡಮ್ಮ, ಒಳಗಿಂದ ಮೇಡಂ ಪುಸ್ತಕ ತಗೊಂಡ್ಬಾ.”

ಹುಡುಗಿ ಎದ್ದು ಹೋದಳು. ಪ್ರೊಫೆಸರಮ್ಮನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

“ಯಾವ ಪುಸ್ತಕ?”

“ನಿಮ್ದೇ ಅಕ್ಕ. ಜನರ ಹತ್ರ ಹೇಗೆ ಮಾತಾಡ್ಬೇಕು ಅಂತ ಅನುಮಾನ ಬಂದಾಗೆಲ್ಲ ಇದನ್ನ ನೋಡ್ಕೊಳ್ಳಿ ಅಂತ ಅದೇ ಸಾಹೇಬ್ರು ಆರ್ಡರ್ ಮಾಡಿದ್ರು. ದೊಡ್ಡಕ್ಕ ಅದನ್ನ ತಗೊಂಡ್ಹೋಗಿ ರೆಕಾರ್ಡ್ ರೂಮಿನ ಕೊನೇ ಬೀರುವಲ್ಲಿಟ್ರು. ನೋಡ್ಬೇಕು ಅಂದ್ರೆ ಎದ್ದು ಹೋಗ್ಲೇಬೇಕಲ್ಲ.”

ಸಾಹೇಬ ಚಾಪೆಯ ಕೆಳಗೆ ತೂರಿದ್ದ, ದೊಡ್ಡಕ್ಕ ರಂಗೋಲಿಯ ಕೆಳಗೆ ತೂರಿದ್ದರು. ಹುಡುಗಿ ಮುಖ ತೊಳೆದುಕೊಂಡು ಬರಿಗೈಯಲ್ಲಿ ವಾಪಸು ಬಂದು ಕೂತಳು.

ಚಿಕ್ಕಿ ಪ್ರೊಫೆಸರಮ್ಮನನ್ನು ರೆಕಾರ್ಡು ಕೋಣೆಗೆ ಕರೆದುಕೊಂಡು ಹೋದಳು. ಕೊನೆಯ ಬೀರುವಿನ ಮುಂದೆ ಅದೇ ಹಳೆಯ ಸ್ಟೂಲು. ಪುಸ್ತಕದ ರಟ್ಟಿನ ಮೂಲೆಗಳು ಸವೆದು ಬಟ್ಟೆಯಂತೆ ಮೆತ್ತಗಾಗಿದ್ದವು. ಒಳಗಿನ ಪುಟಗಳು ಮಾತ್ರ ನಿನ್ನೆ ಅಚ್ಚಾದಂತಿದ್ದವು.

“ನಿಜ ಹೇಳ್ಲಾ ಅಕ್ಕ? ಒಳಗೇನಿದೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಮಡಿಲಲ್ಲಿ ಇಟ್ಕೊಂಡು ಕೂರ್ತೀವಲ್ಲ, ರಟ್ಟು ಕಿತ್ತೋಗುತ್ತೆ. ಮೂರು ಸಲ ಬೈಂಡ್ ಹಾಕ್ಸಿದೀವಿ.”

ಪ್ರೊಫೆಸರಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಏನೋ ಹೇಳಬೇಕೆಂದು ಬಾಯಿ ತೆರೆದರು, ತುಟಿ ಮಾತು ಕೇಳಲಿಲ್ಲ. ಚಿಕ್ಕಿ ಸದ್ದಿಲ್ಲದೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಆಚೆ ಯಾರೋ ಏನೋ ಕೇಳಿದರು.

“ಒಳಗೆ ಅಕ್ಕ ಪುಸ್ತಕ ನೋಡ್ತಿದಾರೆ” ಎಂದಳು ಚಿಕ್ಕಿ. “ಐದು ನಿಮಿಷ ಬಿಟ್ಟು ಬನ್ನಿ.”

ಆ ಮಧ್ಯಾಹ್ನ ಪ್ರೊಫೆಸರಮ್ಮ ಫಾರ್ಮು ತುಂಬಿಸಿದರು. ಮೊದಲ ಗೆರೆಯಲ್ಲಿ ‘ಮೂರು ಸಲ ಬೈಂಡ್ ಹಾಕಿಸಿದ್ದಾರೆ’ ಎಂದು ಬರೆದು, ಉಳಿದೆರಡನ್ನು ಖಾಲಿ ಬಿಟ್ಟು ಸಹಿ ಹಾಕಿದರು.