ಕಾಕಾ ಪಾಸು ಮಾಡಿದ ಬೂಟು

ಕಳೆದ ವಾರ ನಮ್ಮ ಶಾಲೆಯ ಆಟದ ಕೋಣೆಯಲ್ಲಿ ಹೊಸ ಬೂಟುಗಳ ರಟ್ಟಿನ ಪೆಟ್ಟಿಗೆ ಬಿಚ್ಚಿದೆ. ಹೊಸ ರಬ್ಬರು, ಅಂಟು, ಸುತ್ತಿದ ತೆಳು ಕಾಗದ… ಮೂರೂ ಬೆರೆತ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಒಂದು ಬೂಟನ್ನು ಎತ್ತಿಕೊಂಡು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿತು. ಪಕ್ಕದಲ್ಲಿದ್ದ ತಂಡದ ಹುಡುಗಿ, “ಮಿಸ್, ಹೊಸಾದನ್ನ ಯಾಕ ಹಿಂಗೆ ಹಿಂಡ್ತೀರಿ?” ಎಂದಳು. ಹಾಗೆ ಹಿಂಡಿ ಬೂಟಿನ ಗಟ್ಟಿತನ ನೋಡುವುದನ್ನು ನನಗೆ ಕಲಿಸಿದವರು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯರು. ನಾವು ಹುಡುಗಿಯರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು.

ಕಾಕಾ ಜೀವಮಾನದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರಲ್ಲ. ಹರಿಹರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ತಪಾಸಣೆಯ ಕೆಲಸದಲ್ಲಿದ್ದವರು. ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿದ್ದರೆ ಪಾಸು, ಇಲ್ಲವಾದರೆ ವಾಪಸು. ಕಾರ್ಖಾನೆ ಮುಚ್ಚಿದ ಮೇಲೆ ದಾವಣಗೆರೆಯಲ್ಲಿ ಅಂಗಡಿ ತೆರೆದರು. ಮನೆ ಮಾತ್ರ ಹರಿಹರದಲ್ಲೇ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಉಕ್ಕಿನ ಅಳತೆಪಟ್ಟಿ. ಗಿರಾಕಿ ಕೇಳಿದ್ದನ್ನೇ ಕೆಲವು ಸಲ ಕೊಡುತ್ತಿರಲಿಲ್ಲ. “ಅದು ಬ್ಯಾಡ್ರಿ, ಹದಿನೈದು ದಿನಕ್ಕ ಹೊಲಿಗೆ ಬಿಡ್ತೈತೆ,” ಎಂದು ತಾವೇ ಮತ್ತೆ ಮೇಲಿಟ್ಟುಬಿಡುತ್ತಿದ್ದರು. ಅಂಥವರ ವ್ಯಾಪಾರ ಹೇಗೆ ನಡೆಯುತ್ತಿತ್ತೋ… ನಡೆಯುತ್ತಿತ್ತು.

ನಾನಾಗ ಡಿಗ್ರಿ ಎರಡನೇ ವರ್ಷ. ಆವರಗೆರೆಯಿಂದ ಸೈಕಲ್ಲಿನಲ್ಲಿ ಕಾಲೇಜಿಗೆ ಬರುತ್ತಿದ್ದೆ. ತಂಡದಲ್ಲಿ ಚೆಂಡನ್ನು ಪುಟಿಸುತ್ತಾ ಮುಂದಕ್ಕೆ ತರುವ ಕೆಲಸ ನನ್ನದು. ಕಾಲಿಗೆ ಇದ್ದದ್ದು ಮಾತ್ರ ಬೆಳಗಿನ ವಾಕಿಂಗಿಗೆ ಹಾಕುವಂಥ ಬೂಟು. ಅದರಲ್ಲೇ ಓಡುತ್ತಾ ತಟ್ಟನೆ ಪಕ್ಕಕ್ಕೆ ತಿರುಗಿದ ಒಂದು ದಿನ ಬಲಗಾಲು ಹರಡಿನ ಹತ್ತಿರ ಉಳುಕಿತು. ಎರಡು ವಾರ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತೆ. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಅಪ್ಪ ಹೆಚ್ಚು ಮಾತಿನವನಲ್ಲ. “ಇನ್ನೊಂದ್ಸಲ ಕಾಲು ಉಳುಕ್ತು ಅಂದ್ರೆ ಆಟ ಅಲ್ಲಿಗೆ ಮುಗೀತು,” ಎಂದಷ್ಟೇ ಹೇಳಿದ. ಅಪ್ಪ ಒಮ್ಮೆ ಹೇಳಿದ್ದನ್ನು ತಿರುಗಿಸಿದ್ದು ನಾನು ಕಂಡಿರಲಿಲ್ಲ. ಹರಿಹರದ ಅಂತರ ಕಾಲೇಜು ಪಂದ್ಯಾವಳಿಗೆ ಆಗ ಐದು ವಾರ ಬಾಕಿ.

ಪಟ್ಟಿ ಬಿಚ್ಚಿದ ಮರುದಿನವೇ ಕಾಕಾನ ಅಂಗಡಿಗೆ ಹೋದೆ. ಹೆಸರಾದ ಕಂಪನಿಯ ಬೂಟುಗಳ ಬೆಲೆ ಕೇಳಿ, ಕೈಗೆತ್ತಿಕೊಂಡಿದ್ದನ್ನು ಮರಳಿ ಇಟ್ಟೆ. ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಒಳಗೆ ಹೋಗಿ ಯಾರೂ ಹೆಸರು ಕೇಳಿರದ ಕಂಪನಿಯ ಒಂದು ಡಬ್ಬಿ ತಂದರು. ನೀಲಿ ಬೂಟು, ಹರಡು ಮುಚ್ಚುವಷ್ಟು ಎತ್ತರ.

“ಭಾಳ ಸಸ್ತಾ ಐತೆ. ಆದ್ರ ಸಸ್ತಾ ಅಂತ ಮಾರಾಕೆ ಬರಲ್ಲ ನೋಡವ್ವಾ. ಡೀಲರು ಚಲೋ ಐತೆ ಅಂತಾನ, ಅವನೇನು ಹಾಕ್ಕಂಡು ಕುಣಿದಾನಾ? ನೀನು ಮೂರು ವಾರ ಆಡು. ವಾರಕ್ಕೊಂದ್ಸಲ ಬಂದು ಇದ್ದದ್ದು ಇದ್ದಂಗ ಹೇಳು. ಪಾಸಾದ್ರ ನಿಮ್ಮ ಟೀಮಿಗೆಲ್ಲ ತರಿಸ್ತೀನಿ.”

ಆ ಒಂದು ವಾರ ನಾನು ನೆಲದ ಮೇಲಿರಲಿಲ್ಲ. ಗುಡಿಸಿದ ಸಿಮೆಂಟಿನ ಮೇಲೆ ಆ ಬೂಟಿನ ಹಿಡಿತ ಬೆರಗು ಹುಟ್ಟಿಸುವಂತಿತ್ತು. ಓಡಿಬಂದು ನಿಲ್ಲಬೇಕೆಂದರೆ ಕೀಚ್ ಎಂದು ಅಲ್ಲೇ ನಿಲ್ಲುತ್ತಿತ್ತು. ಹರಡಿನ ಸುತ್ತ ಬಿಗಿಯಾಗಿ ಕೂರುತ್ತಿದ್ದುದರಿಂದ ಮನಸ್ಸಿನ ಅಂಜಿಕೆಯೂ ಅರ್ಧ ಇಳಿಯಿತು. ಆದರೆ ಎಲ್ಲವೂ ಹಾಗಿರಲಿಲ್ಲ. ಜಿಗಿದು ಇಳಿದಾಗ ಹಿಮ್ಮಡಿಗೆ ಬಿದ್ದ ಪೆಟ್ಟು ಮೊಣಕಾಲಿನವರೆಗೆ ಏರುತ್ತಿತ್ತು. ಎಡಕ್ಕೆ ನುಗ್ಗಲು ಬಲಗಾಲು ಒತ್ತಿದಾಗ ಬೂಟು ನಿಂತರೂ ಒಳಗೆ ಪಾದ ಕಿರುಬೆರಳಿನ ಕಡೆ ಜಾರುತ್ತಿತ್ತು. ಕೋರ್ಟಿನ ಮೇಲೆ ಧೂಳು ಕೂತರಂತೂ ಆ ಹಿಡಿತವೂ ಇಲ್ಲ.

ಶನಿವಾರ ಕಾಕಾನ ಮುಂದೆ ನಿಂತಾಗ ಇದೊಂದನ್ನೂ ಹೇಳಲಿಲ್ಲ. ಹೇಳಿದರೆ ಬೂಟು ವಾಪಸು ತೆಗೆದುಕೊಂಡಾರು ಎಂಬ ಭಯ. “ಎಲ್ಲಾ ಚೆನ್ನಾಗೈತೆ ಕಾಕಾ,” ಎಂದುಬಿಟ್ಟೆ.

ಅವರು ಬೂಟು ಬಿಚ್ಚಿಸಿಕೊಂಡರು. ತಿರುಚಿದರು, ಹೆಬ್ಬೆರಳಿನಿಂದ ಹಿಮ್ಮಡಿ ಒತ್ತಿದರು. ಆಮೇಲೆ ಒಳಗಿನ ಮೆತ್ತೆಯನ್ನು ಎಳೆದು ಬೆಳಕಿಗೆ ಹಿಡಿದರು. ಕಿರುಬೆರಳಿನ ಬದಿ ಅದು ಸುಕ್ಕುಗಟ್ಟಿ ಮಡಚಿಕೊಂಡಿತ್ತು.

“ನೀನು ಹೇಳೋದು ಒಂದು, ಇದು ಹೇಳೋದು ಒಂದು ಆತಲ್ಲವ್ವಾ,” ಎಂದರು. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು, ಮೆತ್ತೆಯನ್ನು ಮೊಣಕಾಲ ಮೇಲಿಟ್ಟು ನೀವುತ್ತಾ ಹೇಳಿದರು: “ಫ್ಯಾಕ್ಟ್ರಿಯಾಗೆ ನಾನೂ ಒಂದ್ಸಲ ನೋಡದೇ ಪಾಸು ಬರ್ದೆ. ಅರ್ಜೆಂಟ್ ಐತೆ ಅಂದ್ರು, ಬರ್ದೆ. ಮುಂದಿನ ವಾರ ಆ ಪಾರ್ಟ್ ಹಾಕಿದ ಮಷಿನ್ನಾಗ ನನ್ನ ದೋಸ್ತಂದು ಎರಡು ಬೆರಳು ಹೋದ್ವು. ಅವನು ನನಗ ಒಂದು ಮಾತೂ ಅನ್ಲಿಲ್ಲ…”

ಮೆತ್ತೆಯ ಸುಕ್ಕನ್ನು ಹೆಬ್ಬೆರಳಿನಿಂದ ಮತ್ತೆ ನೀವಿದರು. ಬೀದಿಯಲ್ಲಿ ಆಟೋಗಳು ಓಡಾಡುತ್ತಿದ್ದವು. ಹಿಮ್ಮಡಿಯ ಪೆಟ್ಟು, ಜಾರುವ ಪಾದ, ಧೂಳು, ಕೊನೆಗೆ ನನ್ನ ಭಯವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರ ಮುಖದಲ್ಲಿ ಮೊದಲ ಸಲ ನಗು ಕಂಡೆ. “ವಾಪಸ್ ತಗಳ್ಳಾಕೆ ಕೇಳಿದ್ದಲ್ಲ ಹುಚ್ಚಿ. ಸರಿ ಮಾಡಾಕೆ ಕೇಳಿದ್ದು.”

ಸೋಮವಾರ ಬೆಳಿಗ್ಗೆ ಆರೂವರೆಗೆ ಕಾಕಾ ನಮ್ಮ ಕಾಲೇಜಿನ ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದರು. ಹರಿಹರದಿಂದ ಮೊದಲ ಬಸ್ಸು ಹಿಡಿದಿರಬೇಕು. ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ ಅವರಿಗೆ ಬೇಕಿರಲಿಲ್ಲ, ಕಣ್ಣೆಲ್ಲ ನನ್ನ ಪಾದದ ಮೇಲೆ. ಎರಡು ವಾರ ಹಾಗೆ ಬಂದರು. ಒಂದು ದಿನ ದಪ್ಪ ರಬ್ಬರ್ ಹಾಳೆಯ ಮೆತ್ತೆ ಕತ್ತರಿಸಿ ತಂದರು. ಪೆಟ್ಟು ಕಡಿಮೆಯಾಯಿತು, ಆದರೆ ಬೂಟು ಬಿಗಿಯಾಗಿ ಬೆರಳು ಜೋಮು ಹಿಡಿಯಿತು. ಮರುದಿನ ಹಿಮ್ಮಡಿಗೆ ಮಾತ್ರ ದಪ್ಪ, ಮುಂದಕ್ಕೆ ತೆಳು ಮಾಡಿ ತಂದರು. ಅದು ಕೂತಿತು. ಲೇಸನ್ನು ಕೊನೆಯ ತೂತಿನಲ್ಲಿ ಹಿಂದಕ್ಕೆ ಮಡಚಿ ಕಟ್ಟಿಸಿದರು. ಪಾದ ಜಾರುವುದು ನಿಂತಿತು. ಧೂಳಿಗೆ ಮಾತ್ರ ಬೂಟಿನಲ್ಲಿ ಔಷಧಿಯಿರಲಿಲ್ಲ. ಕೋರ್ಟಿನ ಅಂಚಿಗೆ ಒದ್ದೆ ಗೋಣಿಚೀಲ ಹಾಸಿ, ಆಟ ನಿಂತಾಗಲೆಲ್ಲ ಅದರ ಮೇಲೆ ಕಾಲು ಒರೆಸಬೇಕೆಂದರು.

ತಂಡದ ಉಳಿದವರಿಗೂ ಅದೇ ಬೂಟು ಬಂತು. ಮಾರುವಾಗ ಒಬ್ಬೊಬ್ಬರಿಗೂ ಅದರ ದೋಷವನ್ನೇ ಮೊದಲು ಹೇಳಿದರು. “ಹಿಮ್ಮಡಿ ಗಟ್ಟಿ ಐತೆ, ಮೆತ್ತೆ ನಾನು ಹಾಕ್ಕೊಡ್ತೀನಿ. ಒಂದು ವರ್ಷದ ಮೇಲೆ ಬಾಳಿಕೆ ಕೇಳಬ್ಯಾಡ್ರಿ. ಆದ್ರ ಆ ಒಂದು ವರ್ಷ ಕೈ ಬಿಡಲ್ಲ.” ಆದರೂ ಪಾಸಾಯಿತೇ ಎಂದು ನಾನು ಕೇಳಿದರೆ, “ಮ್ಯಾಚ್ ಆಗ್ಲಿ,” ಎನ್ನುತ್ತಿದ್ದರು.

ಹರಿಹರದಲ್ಲಿ ನಾವು ಫೈನಲ್‌ಗೆ ಬಂದೆವು. ಎದುರು ತಂಡದವರ ಕಾಲಲ್ಲಿ ನಾವು ಟೀವಿಯಲ್ಲಷ್ಟೇ ಕಂಡಿದ್ದ ಬೂಟುಗಳು. ಅವರಲ್ಲೊಬ್ಬಳು ನನ್ನ ಬೂಟು ನೋಡಿ, “ಇದ್ಯಾವ ಕಂಪನಿ?” ಎಂದಳು. ಹೇಳಿದೆ. ಅವಳಿಗೆ ತಿಳಿಯಲಿಲ್ಲ. ಹೊಳೆಯ ಕಡೆಯಿಂದ ಗಾಳಿ ಬೀಸಿ ಕೋರ್ಟಿನ ತುಂಬ ಸಣ್ಣ ಮರಳು ಹರಡಿತ್ತು. ನಮ್ಮ ಬೆಂಚಿನ ಮುಂದೆ ಒದ್ದೆ ಗೋಣಿಚೀಲ ಕಂಡು ಕೆಲವರು ನಕ್ಕರು. ಮೆಟ್ಟಿಲ ಮೇಲೆ ಬಿಳಿ ಅಂಗಿಯ ಕಾಕಾ. ಅವರ ಪಕ್ಕದಲ್ಲೇ, ಒಬ್ಬರಿಗೊಬ್ಬರು ಪರಿಚಯವಿಲ್ಲದೆ, ಗ್ರೀಸಿನ ಕಲೆಯ ಅಂಗಿಯಲ್ಲಿ ಅಪ್ಪ ಕೂತಿದ್ದ. ಬರುತ್ತೇನೆಂದು ಹೇಳಿರಲಿಲ್ಲ. ಇಬ್ಬರೂ ನನ್ನ ಕಾಲನ್ನೇ ನೋಡುತ್ತಿದ್ದರು.

ಮೊದಲರ್ಧದಲ್ಲಿ ನಾವು ಒಂಬತ್ತು ಪಾಯಿಂಟ್ ಹಿಂದೆ. ಬಿಸಿಲೇರಿ ಬೂಟಿನೊಳಗೆ ಕಾಲು ಬೇಯುತ್ತಿತ್ತು; ಗಾಳಿಯಾಡುವ ವಿಷಯದಲ್ಲಿ ಅದಕ್ಕೆ ನಾನು ಈಗಲೂ ಅಂಕ ಕೊಡಲಾರೆ. ಆದರೆ ಮರಳಿನ ಮೇಲೆ ಎದುರಿನವರು ಜಾರತೊಡಗಿದರು. ನಾವು ವಿರಾಮ ಸಿಕ್ಕಾಗಲೆಲ್ಲ ಗೋಣಿಚೀಲ ತುಳಿದು ಹೋಗುತ್ತಿದ್ದೆವು. ಒಂಬತ್ತು ಐದಾಯಿತು, ಐದು ಮೂರಾಯಿತು, ಕೊನೆಯ ನಿಮಿಷದಲ್ಲಿ ಒಂದೇ ಒಂದು ಪಾಯಿಂಟಿನ ಅಂತರ. ಚೆಂಡು ನನ್ನ ಕೈಗೆ ಬಂತು. ಬಲಕ್ಕೆ ಓಡಿದೆ, ಉಳುಕಿದ್ದ ಅದೇ ಕಾಲನ್ನು ನೆಲಕ್ಕೆ ಊರಿ ಪೂರ್ತಿ ಭಾರ ಹಾಕಿ ಎಡಕ್ಕೆ ತಿರುಗಿದೆ. ಬೂಟು ನಿಂತಿತು, ಪಾದವೂ ನಿಂತಿತು. ನನ್ನನ್ನು ತಡೆಯಲು ಬಂದವಳು ನಿಲ್ಲಲಾಗದೆ ಎರಡು ಮಾರು ಜಾರಿಹೋದಳು. ನನಗೂ ಬುಟ್ಟಿಗೂ ನಡುವೆ ಯಾರೂ ಇರಲಿಲ್ಲ.

ಒಂದು ಪಾಯಿಂಟಿನಿಂದ ಗೆದ್ದೆವು. ಗೆಳತಿಯರು ನನ್ನನ್ನು ಎತ್ತಿ ಕುಣಿಸುತ್ತಿದ್ದಾಗ ಕಾಕಾ ನಿಧಾನವಾಗಿ ಇಳಿದುಬಂದರು. “ಬಿಚ್ಚು, ನೋಡೋಣ.” ಕುಕ್ಕರಗಾಲಿನಲ್ಲಿ ಕೂತು ಮೊದಲು ನನ್ನ ಹರಡು ಒತ್ತಿ ನೋಡಿದರು, ಆಮೇಲೆ ಬೂಟಿನ ಹೊಲಿಗೆ, ಅಂಟು, ಅಡಿ. ಎದ್ದು ನಿಂತು ಒಂದೇ ಮಾತು ಹೇಳಿದರು: “ಪಾಸು.”

ಪಕ್ಕದಲ್ಲಿ ಬಂದು ನಿಂತಿದ್ದ ಅಪ್ಪ ಅವರಿಗೆ ಕೈ ಮುಗಿದ. ನನ್ನ ಕಡೆ ತಿರುಗಿ, “ಮುಂದಿನ ಮ್ಯಾಚು ಯಾವಾಗ?” ಎಂದ. ಆ ಪ್ರಶ್ನೆ ಕೇಳಿದಾಗ ಆದ ಸಂತೋಷ ಕಪ್ ಎತ್ತಿದಾಗಲೂ ಆಗಲಿಲ್ಲ.

ಆಮೇಲೆ ನಾನು ಕ್ರೀಡಾ ಶಿಕ್ಷಕಿಯ ತರಬೇತಿಗೆಂದು ಬೇರೆ ಊರಿಗೆ ಹೋದೆ. ಕೆಲಸ ಸಿಕ್ಕಿ ದಾವಣಗೆರೆಗೆ ಮರಳುವಷ್ಟರಲ್ಲಿ ಅಂಗಡಿಯ ಜಾಗದಲ್ಲಿ ಮೊಬೈಲಿನ ಮಳಿಗೆ ಬಂದಿತ್ತು. ಕಾಕಾ ತೀರಿಕೊಂಡಿದ್ದು ಅಲ್ಲಿಯವರಿಂದಲೇ ತಿಳಿದದ್ದು. ಹರಿಹರಕ್ಕೆ ಹೋಗಬೇಕು, ಹೋಗಬೇಕು ಎನ್ನುತ್ತಲೇ ದಿನ ಹೋದವು… ಬದುಕಿದ್ದಾಗ ಹೋಗಿ ನೋಡದ ನಾಚಿಕೆಯೂ ಇತ್ತು.

ಈ ಭಾನುವಾರ ಹೋದೆ. ಕಾಕಾನ ಹೆಂಡತಿ ಬಾಗಿಲು ತೆರೆದರು; ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು. ನಾನು ಯಾರೆಂದು ಹೇಳಿದಾಗ ನನ್ನ ಕಾಲಿನ ಕಡೆ ನೋಡಿದರು.

“ಹರಿಹರದ ಮ್ಯಾಚಿನ ಹುಡುಗಿ ನೀನೇನಾ? ಅವತ್ತು ಮಧ್ಯಾಹ್ನ ಮನಿಗೆ ಬಂದವರೇ ಹೋಳಿಗಿ ಮಾಡು ಅಂತ ಕುಂತ್ರು. ಇವತ್ತ್ಯಾವ ಹಬ್ಬ ಅಂತ ಕೇಳಿದ್ರ, ಒಂದು ಹುಡುಗಿ ಗೆದ್ಲು ಅಂದ್ರು. ಹೆಂಗೆ ಗೆದ್ಲು ಅಂದ್ರ, ಕಾಲು ಜಾರಲಿಲ್ಲ ಅಂದ್ರು. ಅಷ್ಟೇ. ಏನೂ ಬಿಡಿಸಿ ಹೇಳೋ ಮನುಷ್ಯ ಅಲ್ಲ ಅದು.”

ಆ ಖುಷಿಯನ್ನು ಕಾಕಾನ ಎದುರು ಕೂತು ನೋಡುವ ಕಾಲ ಮುಗಿದುಹೋಗಿತ್ತು. ಆಕೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡರು.

“ಕೂಡವ್ವಾ, ಚಾ ಇಡ್ತೀನಿ. ಅವತ್ತು ಹೆಂಗೆ ಗೆದ್ರಿ ಅಂತ ನೀನಾದ್ರೂ ಹೇಳು. ಪೂರ್ತಿ ಹೇಳು.”

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಒಂಬತ್ತು ಪಾಯಿಂಟ್ ಹಿಂದೆ ಇದ್ದಲ್ಲಿಂದ ಶುರುಮಾಡಿದೆ.